ಆಟದ ಗೋಡೆಗೊಂದು ಕಿಟಕಿ

ತೊರಿನೊ
9 ಜನವರಿ 1983

ರೆಮಿಜೊ,

ಅಮ್ಮನ ಆತ್ಮಶಾಂತಿಯ ಪೂಜೆಗೆ ಬರಲಾಗಲಿಲ್ಲ. ರೈಲಿಗೆ ಹೊರಡುವ ಹೊತ್ತಿಗೆ ಚಳಿಜ್ವರ ಹಿಡಿಯಿತು. ಪಾದ್ರಿಗಳು ಚೆನ್ನಾಗಿ ನಡೆಸಿಕೊಟ್ಟರು ಎಂದು ನಿನ್ನ ಹೆಂಡತಿ ಇರ್ಮಾ ಫೋನಿನಲ್ಲಿ ಹೇಳಿದಳು. ಈಗ ಹೇಳುವುದನ್ನೂ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಕ್ಕು ಮಾತು ಹಾರಿಸುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಏಪ್ರಿಲ್ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಕುಳಿತು ಮೂವತ್ತಮೂರು ವರ್ಷ ಹೊದಿಕೆಗಳಿಗೆ ರಫು ಹಾಕಿದ್ದೇನೆ. ಇನ್ನು ಸಾಕು. ಈ ಬಾಡಿಗೆ ಮನೆಯನ್ನೂ ಬಿಡುತ್ತೇನೆ. ಅಮ್ಮ ಊರಿನ ಮನೆಯನ್ನು ನನ್ನ ಹೆಸರಿಗೆ ಯಾಕೆ ಬರೆದಳೋ ನನಗೂ ತಿಳಿಯದು. ನಿನಗೆ ಬೇಸರವಾಗಿದ್ದರೆ ನೀನದನ್ನು ಹೇಳಿಲ್ಲ. ಮೇ ಒಂದರಿಂದ ನಾನು ಅಲ್ಲಿರುತ್ತೇನೆ.

ಅಷ್ಟರೊಳಗೆ ಒಂದು ಕೆಲಸ ಮಾಡಿಸಿಡು. ಅಡುಗೆಮನೆಗೆ ಒಂದು ಕಿಟಕಿ ಬೇಕು. ಹಿಂದೆ ಗುಡ್ಡ, ಒಂದು ಪಕ್ಕಕ್ಕೆ ನೆರೆಯವರ ಮನೆ, ಬಾಗಿಲಿರುವ ಓಣಿಗೆ ಬಿಸಿಲೇ ಇಳಿಯುವುದಿಲ್ಲ. ಉಳಿದದ್ದು ಚೌಕದ ಕಡೆಯ ಗೋಡೆ ಒಂದೇ. ಗಾರೆ ಮೇಸ್ತ್ರಿ ಗೌದೆಂಜೊಗೆ ಹೇಳು, ಎರಡು ದಿನದ ಕೆಲಸ. ಅದು ಯಾವ ಗೋಡೆ ಎಂದು ನನಗೆ ಗೊತ್ತಿದೆ, ನೀನು ನೆನಪಿಸಬೇಕಾಗಿಲ್ಲ.

ಚಳಿಯಲ್ಲಿ ಬರಿಗೈಯಲ್ಲಿ ತೋಟಕ್ಕೆ ಹೋಗಬೇಡ.

ನಿನ್ನ ಅಕ್ಕ
ದೆಲ್ಫೀನಾ


ಮೊಂತರೆಲ್ಲೊ
21 ಜನವರಿ 1983

ಅಕ್ಕಾ,

ನೀನು ಬರುವ ಸುದ್ದಿ ಹೇಳಿದಾಗ ಇರ್ಮಾ ಜೋಳದ ಹಿಟ್ಟಿನ ಪೊಲೆಂತಾ ತಿರುವುತ್ತಿದ್ದವಳು ಸೌಟು ಬಿಟ್ಟು "ಪೂರ್ತಿ ಬಂದ್‌ಬಿಡ್ತಾರಾ?" ಅಂದಳು. ಪೂರ್ತಿ ಅಂದೆ. ಅವತ್ತಿನ ಪೊಲೆಂತಾ ತಳ ಹಿಡಿಯಿತು, ಆದರೆ ಯಾರೂ ಬೈದುಕೊಳ್ಳಲಿಲ್ಲ. ಮನೆಯ ವಿಷಯಕ್ಕೆ ನನಗೆ ಬೇಸರವಿಲ್ಲ. ನನಗೊಂದು ಮನೆ ಇದೆ, ದ್ರಾಕ್ಷಿತೋಟ ಇದೆ, ಬೆನ್ನುನೋವು ಇದೆ. ಇನ್ನೇನು ಬೇಕು.

ಈಗ ಕಿಟಕಿ. ನೀನು ಊರು ಬಿಟ್ಟು ಬಹಳ ಕಾಲವಾಯಿತು, ಹಾಗಾಗಿ ಹೇಳಿಬಿಡುತ್ತೇನೆ. ಮುನ್ನೂರ ಹನ್ನೆರಡು ಜನರ ಈ ಊರು ಒಂಬತ್ತು ವರ್ಷದ ಮೇಲೆ ತಮಟೆಯಾಟದ ಮೊದಲ ದರ್ಜೆಗೆ ಏರಿದೆ. ಸಂಘಕ್ಕೆ ನಾನೇ ಅಧ್ಯಕ್ಷ. ಬ್ಯಾಟಿನಂತೆ ಹಿಡಿದ ತಮಟೆಯಿಂದ ಚೆಂಡು ಬಾರಿಸುವುದು ಯಾವ ಊರಿನವರಿಗೂ ಬರುತ್ತದೆ. ಚೌಕದ ಕಡೆಯ ನಮ್ಮ ಮನೆ ಗೋಡೆಗೆ ಬಡಿದ ಚೆಂಡು ಯಾವ ಕಲ್ಲಿನಿಂದ ಯಾವ ಕಡೆಗೆ ಚಿಮ್ಮುತ್ತದೆ ಎಂದು ತಿಳಿದಿರುವುದೇ ನಮ್ಮ ಆಟ. ಮಾರ್ಚ್ ಇಪ್ಪತ್ತಕ್ಕೆ ಆಟದ ಒಕ್ಕೂಟದ ತಪಾಸಣೆಯವರು ಟೇಪು ಹಿಡಿದು ಬರುತ್ತಾರೆ. ಗೋಡೆಯಲ್ಲಿ ಒಂದು ಬಾಯಿ ಕಂಡರೂ ಇಲ್ಲಿ ಆಡುವಂತಿಲ್ಲ ಎಂದು ಬರೆದು ಹೋಗುತ್ತಾರೆ. ಆಮೇಲೆ ನಮ್ಮ ಊರಿನ ಪಂದ್ಯಗಳನ್ನೆಲ್ಲ ಪಕ್ಕದೂರು ಗ್ರಾನಸ್ಕೊದ ಚೌಕದಲ್ಲಿ ಆಡಬೇಕು. ಗ್ರಾನಸ್ಕೊದವರ ಮುಂದೆ ಜಾಗ ಕೇಳಿಕೊಂಡು ನಿಲ್ಲುವುದನ್ನು ನೆನೆದರೆ ನನಗೆ ಊಟ ಸೇರುವುದಿಲ್ಲ.

ಅಡುಗೆಮನೆಗೆ ಎರಡು ಟ್ಯೂಬ್‌ಲೈಟ್ ಹಾಕಿಸುತ್ತೇನೆ. ಹಗಲಿಗಿಂತ ಹೆಚ್ಚು ಬೆಳಕು ಬರುತ್ತದೆ. ಕಿಟಕಿ ಬೇಡ ಅನ್ನುತ್ತಿಲ್ಲ. ಅಕ್ಟೋಬರಿಗೆ ಪಂದ್ಯಗಳು ಮುಗಿಯುತ್ತವೆ. ಈ ವರ್ಷದ ಆಟವೊಂದು ಮುಗಿಯಲಿ, ನಾನೇ ಹಾರೆ ಹಿಡಿದು ತೆಗೆದುಕೊಡುತ್ತೇನೆ.

ನಿನ್ನ ತಮ್ಮ
ರೆಮಿಜೊ


ತೊರಿನೊ
2 ಫೆಬ್ರವರಿ 1983

ರೆಮಿಜೊ,

ಟ್ಯೂಬ್‌ಲೈಟ್ ಕೆಳಗೆ ಮೂವತ್ತಮೂರು ವರ್ಷ ಕುಳಿತವಳಿಗೆ ಟ್ಯೂಬ್‌ಲೈಟ್ ಆಸೆ ತೋರಿಸುತ್ತೀಯಲ್ಲ.

"ಈ ವರ್ಷದ ಆಟವೊಂದು ಮುಗಿಯಲಿ" ಎಂಬ ಮಾತು ನನಗೆ ಹೊಸದಲ್ಲ. ಅಮ್ಮನ ಹಳೆಯ ಪತ್ರಗಳನ್ನು ನಾನು ಬಿಸಾಡಿಲ್ಲ. 1951ರ ಏಪ್ರಿಲ್ 28ಕ್ಕೆ ಬರೆದಿದ್ದಾಳೆ: "ಮೇಸ್ತ್ರಿ ಬಂದಿದ್ರು. ಅಡುಗೆಮನೆಗೆ ಒಂದು ಕಿಟಕಿ ಬರ್ತಿದೆ ಮಗಳೇ. ಪರದೆಗೆ ಅಂತ ಬಟ್ಟೆ ತಂದಿದೀನಿ, ನೀಲಿ ಹೂವಿಂದು." ಮುಂದಿನ ಪತ್ರದಲ್ಲಿ ಕಿಟಕಿಯ ಸುದ್ದಿಯೇ ಇಲ್ಲ. ನಾನು ಕೇಳಿದ್ದಕ್ಕೆ "ಈ ವರ್ಷದ ಆಟ ಮುಗೀಲಿ ಅಂದಿದಾನೆ ನಿನ್ ತಮ್ಮ" ಎಂದು ಬರೆದಳು. ಮರುವರ್ಷವೂ ಅದೇ. ನಾಲ್ಕು ವರ್ಷ ಹಾಗೆ ಬರೆದು ಆಮೇಲೆ ಬಿಟ್ಟುಬಿಟ್ಟಳು. ನಾನೂ ಕೇಳುವುದನ್ನು ಬಿಟ್ಟೆ. ನನಗೂ ನಾಚಿಕೆಯಾಗಬೇಕು.

ನವೆಂಬರಿನಲ್ಲಿ ಅಮ್ಮನನ್ನು ಮಣ್ಣುಮಾಡಿ ಬಂದ ಮೇಲೆ ನಾನು ಮೂರು ದಿನ ಆ ಮನೆಯಲ್ಲಿದ್ದೆ. ಅಡುಗೆಮನೆಯಲ್ಲಿ ಅಪ್ಪನ ಮಂಚ ಇದ್ದ ಕಡೆ ಗೋಡೆಗೆ ಆ ಪರದೆ ಇನ್ನೂ ತೂಗುತ್ತಿದೆ. ತೇವ ಮುಚ್ಚಲು ಹಾಕಿದ್ದಾಳೆ ಎಂದೇ ಎಲ್ಲರೂ ಹೇಳುತ್ತಿದ್ದರು. ನಾನು ಸರಿಸಿ ನೋಡಿದೆ. ತೇವವೂ ಇಲ್ಲ, ಬಿರುಕೂ ಇಲ್ಲ, ಬರೀ ಗೋಡೆ. ಪ್ರತಿ ಈಸ್ಟರಿಗೆ ಅದನ್ನು ಒಗೆದು, ಇಸ್ತ್ರಿ ಮಾಡಿ, ಮತ್ತೆ ಅಲ್ಲೇ ಕಟ್ಟುತ್ತಿದ್ದಳು ಎಂದು ಪಕ್ಕದ ಮನೆಯವರು ಹೇಳಿದರು.

ಮೇ ಒಂದಕ್ಕೆ ಬರುತ್ತೇನೆ. ಕಿಟಕಿ ಇರಲಿ.

ದೆಲ್ಫೀನಾ


ಮೊಂತರೆಲ್ಲೊ
27 ಫೆಬ್ರವರಿ 1983

ಅಕ್ಕಾ,

ಉತ್ತರ ತಡವಾಯಿತು. ಬಳ್ಳಿ ಕತ್ತರಿಸುವ ಕೆಲಸ, ಮೇಲೆ ಎರಡು ದಿನ ಹಿಮ. ಇವು ನೆಪಗಳೇ, ಗೊತ್ತು.

ನಿನ್ನ ವಿಷಯವನ್ನು ಸಂಘದ ಸಭೆಯಲ್ಲಿ ಇಟ್ಟೆ. ನನ್ನ ಬಾಯಿಂದಲೇ ಹೇಳಿದೆ, ಯಾರಿಂದಲೋ ತಿಳಿಯುವುದು ಬೇಡ ಅಂತ. ಮೇಯರ್ ಸಾಹೇಬರು ಕನ್ನಡಕ ಒರೆಸಿದರು, ಅದನ್ನೇ ಎರಡು ಸಲ ಒರೆಸಿದರು. ನಮ್ಮ ತಂಡದಲ್ಲಿ ಮೊದಲ ಹೊಡೆತ ಹೊಡೆಯುವ ಆಟಗಾರ ಎವಾಸಿಯೊ ಇದ್ದಾನಲ್ಲ, ಇರ್ಮಾಳ ಅಣ್ಣನ ಮಗ, ಅವನು ಎದ್ದು ನಿಂತ. "ದೆಲ್ಫೀನಾತ್ತೆ ಬರ್ಲಿ ಮಾವ, ಬೇಡ ಅಂದೋರ್ಯಾರು? ಆದ್ರೆ ಬರೋರು ಊರಿನ್ ಗೋಡೆ ಒಡ್ಕೊಂಡೇ ಬರ್ಬೇಕಾ?" ಅಂದ. ಎಲ್ಲರೂ ನಕ್ಕರು. ಮೇಸ್ತ್ರಿ ಗೌದೆಂಜೊ ಮಾತ್ರ ನಗಲಿಲ್ಲ. ಅವನ ಅಪ್ಪನೂ ಮೇಸ್ತ್ರಿಯಾಗಿದ್ದ, ನಿನಗೆ ನೆನಪಿರಬಹುದು. ಸಭೆ ಮುಗಿದ ಮೇಲೆ ನನ್ನನ್ನೇ ನೋಡುತ್ತಾ ಟೋಪಿ ಹಾಕಿಕೊಂಡು ಹೋದ.

ಇರ್ಮಾ ಮತ್ತು ನಾನು ಒಂದು ಯೋಚನೆ ಮಾಡಿದ್ದೇವೆ. ನಮ್ಮ ಮನೆಯ ಮಹಡಿ ಕೋಣೆ ಖಾಲಿ ಇದೆ. ಮೂರು ಕಿಟಕಿ, ತೋಟದ ಕಡೆಗೆ. ಬೆಳಿಗ್ಗೆ ಆರಕ್ಕೇ ಬಿಸಿಲು ಬರುತ್ತದೆ. ನೀನು ಅಲ್ಲಿರು. ಇರ್ಮಾ ಆಗಲೇ ಸುಣ್ಣ ಹೊಡೆಸುವ ಮಾತಾಡುತ್ತಿದ್ದಾಳೆ.

ನನ್ನ ಮಚ್ಚೆಗೆ ಗುರಿಯಿಟ್ಟು ಹೊಡೆಯುವುದನ್ನು ಎವಾಸಿಯೊಗೆ ಕಲಿಸುತ್ತಿದ್ದೇನೆ. ಗೋಡೆಯಲ್ಲಿ ಆ ಒಂದು ಜಾಗಕ್ಕೆ ಬಡಿದ ಚೆಂಡು ಚಿಮ್ಮದೆ ಪಟ್ಟನೆ ಕೆಳಗೆ ಬೀಳುತ್ತದಲ್ಲ, ಅದಕ್ಕೆ ಊರಿನವರು ಇವತ್ತಿಗೂ ರೆಮಿಜೊನ ಮಚ್ಚೆ ಅನ್ನುತ್ತಾರೆ. ಹನ್ನೊಂದು ವರ್ಷ ನಾನು ಪಂದ್ಯ ಗೆದ್ದದ್ದೇ ಅದರಿಂದ. ಹುಡುಗನಿಗೆ ಇನ್ನೂ ಕೈ ಕೂಡುತ್ತಿಲ್ಲ.

ಪರದೆಯ ವಿಷಯ ನನಗೆ ತಿಳಿಯದು. ಹೆಂಗಸರ ಅಭ್ಯಾಸ ಇರಬಹುದು.

ರೆಮಿಜೊ


ತೊರಿನೊ
6 ಮಾರ್ಚ್ 1983

ರೆಮಿಜೊ,

ಇರ್ಮಾಳಿಗೆ ನನ್ನ ಪ್ರೀತಿ ತಿಳಿಸು. ಮಹಡಿ ಕೋಣೆ ಬೇಡ. ಹತ್ತೊಂಬತ್ತು ವರ್ಷ ಹೆಂಗಸರ ವಸತಿಗೃಹದಲ್ಲಿದ್ದೆ, ಆಮೇಲೆ ಬಾಡಿಗೆ ಮನೆ. ಇನ್ನೊಬ್ಬರ ಮೆಟ್ಟಿಲು ಹತ್ತಿ ಮಲಗುವುದು ಸಾಕಾಗಿದೆ.

ನಿನಗೆ ಹೇಳಬಾರದು ಅಂದುಕೊಂಡಿದ್ದೆ. ನನ್ನ ಬಲಗಣ್ಣು ಹೆಚ್ಚುಕಡಿಮೆ ಹೋಗಿದೆ. ಎಡಗಣ್ಣಿಗೆ ಹಗಲ ಬೆಳಕಿದ್ದರೆ ಸೂಜಿ ಕಾಣುತ್ತದೆ, ದೀಪದಲ್ಲಿ ಕಾಣುವುದಿಲ್ಲ. ಕನಿಕರಕ್ಕಾಗಿ ಇದನ್ನು ಬರೆಯುತ್ತಿಲ್ಲ. ಹುಡುಗಾಟಕ್ಕೆ ಕಿಟಕಿ ಕೇಳುತ್ತಿದ್ದಾಳೆ ಎಂದು ನಿನ್ನ ಸಂಘದವರು ನಗುವುದು ಬೇಡ, ಅಷ್ಟೇ.

ಇನ್ನೊಂದು ಮಾತು. ಮೇಸ್ತ್ರಿ ಬಂದಿದ್ದರು ಎಂದು ಅಮ್ಮ ಬರೆದಿದ್ದಾಳೆ. ಪರದೆಗೆ ಬಟ್ಟೆಯನ್ನೂ ತಂದಿದ್ದಳು. ಬಾಯಿ ತೆಗೆಯುವ ಮುಂಚೆ ಯಾರೂ ಪರದೆ ಹೊಲಿಯುವುದಿಲ್ಲ. ಅಂದರೆ ಕಿಟಕಿಯ ಬಾಯಿ ತೆಗೆದಾಗಿತ್ತು. ಅದನ್ನು ಮುಚ್ಚಿದವರು ಯಾರು?

ದೆಲ್ಫೀನಾ


ಮೊಂತರೆಲ್ಲೊ
19 ಮಾರ್ಚ್ 1983

ಅಕ್ಕಾ,

ನಾನು ಮುಚ್ಚಿದೆ.

ಇದಕ್ಕಿಂತ ಚೆನ್ನಾಗಿ ಶುರುಮಾಡಲು ಒಂದು ವಾರ ಪ್ರಯತ್ನಪಟ್ಟೆ, ಬರಲಿಲ್ಲ. ನನಗಾಗ ಹತ್ತೊಂಬತ್ತು. ನೀನು ಊರು ಬಿಟ್ಟು ಒಂದು ವರ್ಷವಾಗಿತ್ತು. ಸುಣ್ಣದ ಗಣಿಯಲ್ಲಿ ಬೆನ್ನು ಮುರಿದುಕೊಂಡ ಅಪ್ಪನನ್ನು ಅಡುಗೆಮನೆಯಲ್ಲೇ ಮಲಗಿಸಿದ್ದೆವು, ಒಲೆ ಬೆಚ್ಚಗಿರುತ್ತದೆ ಅಂತ. ಗೌದೆಂಜೊನ ಅಪ್ಪ ಗುರುವಾರ, ಶುಕ್ರವಾರ ಎರಡು ದಿನ ಕೂತು ಗೋಡೆ ಕೊರೆದ. ಸೋಮವಾರ ಚೌಕಟ್ಟು ಕೂರಿಸುವುದು ಎಂದಾಗಿತ್ತು. ಆ ಭಾನುವಾರ ಗ್ರಾನಸ್ಕೊದವರ ಮೇಲೆ ಪಂದ್ಯ. ನಾನು ಮೊದಲ ತಂಡಕ್ಕೆ ಬಂದ ಎರಡನೆಯ ವರ್ಷ. ಕೆಫೆಯಲ್ಲಿ ಕೂತವರೆಲ್ಲ "ಏನಪ್ಪಾ, ನಿಮ್ಮನೇಲೇ ಗೋಡೆ ಒಡೀತಿದಾರಂತೆ" ಎಂದು ಕೇಳುವವರೇ.

ಶನಿವಾರ ಬೆಳಿಗ್ಗೆ ಅಮ್ಮ ನೀರಿಗೆ ಹೋಗಿದ್ದಳು, ಅಪ್ಪ ನಿದ್ದೆಯಲ್ಲಿದ್ದ. ಚೌಕ ನಮ್ಮ ಮನೆಯ ನೆಲಕ್ಕಿಂತ ಕೆಳಗಿದೆಯಲ್ಲ, ಆ ಕಡೆಯಿಂದ ಏಣಿ ಹಾಕಿದೆ. ಒಡೆದ ಹೆಂಚು, ಹುಲ್ಲು, ಬಳ್ಳಿ ಕಟ್ಟುವ ಬೆತ್ತ, ಕೈಗೆ ಸಿಕ್ಕಿದ್ದನ್ನೆಲ್ಲ ತುರುಕಿ ಮೇಲೆ ಸುಣ್ಣ ಮೆತ್ತಿದೆ. ನಾನು ಮೇಸ್ತ್ರಿಯಲ್ಲ, ಕೆಲಸ ಕೆಟ್ಟದಾಗಿತ್ತು. ಅಮ್ಮ ಬಿಂದಿಗೆ ಇಳಿಸಿ ಕೆಳಗೆ ನಿಂತು ನೋಡಿದಳು. "ನಾಳೆ ಗ್ರಾನಸ್ಕೊದವ್ರು ಬರ್ತಿದಾರಮ್ಮ. ಈ ವರ್ಷದ ಆಟ ಮುಗೀಲಿ, ನಾನೇ ತೆಗೆದ್ಕೊಡ್ತೀನಿ" ಅಂದೆ. ಅವಳು ಬೈಯಲಿಲ್ಲ. "ಕೈ ತೊಳ್ಕೊ, ಸುಣ್ಣ ಕಣ್ಣಿಗೆ ಹೋಗತ್ತೆ" ಅಂದಳು.

ಮರುದಿನ ಆಟದಲ್ಲಿ ನಾನು ಹೊಡೆದ ಚೆಂಡೊಂದು ಹೋಗಿ ಸರಿಯಾಗಿ ಅಲ್ಲಿಗೇ ಬಡಿಯಿತು. ಒಳಗೆ ಹುಲ್ಲು ತುಂಬಿದ ಜಾಗ, ಚೆಂಡು ಚಿಮ್ಮಲಿಲ್ಲ. ಸತ್ತ ಹಕ್ಕಿಯಂತೆ ಕೆಳಗೆ ಬಿತ್ತು. ಗ್ರಾನಸ್ಕೊದವನು ದೂರದಲ್ಲಿ ಕಾಯುತ್ತಾ ನಿಂತೇ ಇದ್ದ. ನನಗೆ ಆ ಕ್ಷಣದಲ್ಲೇ ಎಲ್ಲ ಹೊಳೆಯಿತು. ಎಲ್ಲಿಂದ ಎಲ್ಲಿಯವರೆಗೆ ಹುಲ್ಲಿದೆ ಎಂದು ನನ್ನೊಬ್ಬನಿಗೇ ಗೊತ್ತಿತ್ತು, ತುಂಬಿದವನು ನಾನೇ ತಾನೆ. ರೆಮಿಜೊನ ಮಚ್ಚೆ ಎಂದು ಊರು ಹೊಗಳುವುದು ಅದನ್ನೇ. ಎಲ್ಲರ ಹತ್ತಿರ ನನ್ನ ಕೈಚಳಕ ಎಂದು ಹೇಳಿಕೊಂಡು ಬಂದೆ.

ಆಮೇಲೆ ಅದನ್ನು ಹೇಗೆ ಒಡೆಯಲಿ ಅಕ್ಕಾ? ಪ್ರತಿ ವರ್ಷ ಅಕ್ಟೋಬರಿನಲ್ಲಿ, ಗೋಡೆಯ ಪಾಲು ಎಂದು ಸಂಘದವರು ಅಮ್ಮನಿಗೆ ಒಂದು ದೊಡ್ಡ ಗಾಜಿನ ಬುರುಡೆ ತುಂಬ ಬರ್ಬೇರಾ ವೈನು ತಂದುಕೊಡುತ್ತಿದ್ದರು. ಹೊತ್ತು ತರುತ್ತಿದ್ದವನು ನಾನೇ. ಮುಂದಿನ ವರ್ಷ ಖಂಡಿತ ಅನ್ನುತ್ತಿದ್ದೆ. ಅವಳು ಒಂದು ಲೋಟ ನನಗೇ ಸುರಿದು ಕೊಡುತ್ತಿದ್ದಳು. ಪಂದ್ಯದ ದಿನ ಒಳಗೆ ಕೂತು ಸದ್ದಿನಲ್ಲೇ ಗುರುತು ಹಿಡಿಯುತ್ತಿದ್ದಳು. "ಇವತ್ತು ಒಂಬತ್ ಸಲ ನಿನ್ ಚೆಂಡು ಬಿತ್ತು, ಅಲ್ವಾ?" ಎಂದು ಕೇಳುತ್ತಿದ್ದಳು. ಲೆಕ್ಕ ಯಾವತ್ತೂ ತಪ್ಪಿದ್ದಿಲ್ಲ. ನಾನು ಹೂಂ ಅಂದು ಊಟಕ್ಕೆ ಕೂರುತ್ತಿದ್ದೆ.

ಅಪ್ಪ ಹೋದದ್ದು ಅರವತ್ತೆರಡರಲ್ಲಿ. ಹಿಂದಿನ ವರ್ಷವೇ ನನ್ನ ಭುಜ ಹೋಗಿ ಆಟ ನಿಂತಿತ್ತು. ಆಗಲಾದರೂ ತೆಗೆಸಬಹುದಿತ್ತು. ಅಮ್ಮನೂ ಕೇಳಲಿಲ್ಲ, ನಾನೂ ಮಾತೆತ್ತಲಿಲ್ಲ.

ನಾಳೆ ತಪಾಸಣೆಯವರು ಬರುತ್ತಾರೆ. ಈ ಪತ್ರವನ್ನು ಇವತ್ತೇ ಹಾಕುತ್ತೇನೆ, ನಾಳೆ ಸಂಜೆಗೆ ಧೈರ್ಯ ಹೋದೀತು.

ರೆಮಿಜೊ


ತೊರಿನೊ
28 ಮಾರ್ಚ್ 1983

ರೆಮಿಜೊ,

ನಿನ್ನ ಪತ್ರವನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಬಾಲ್ಕನಿಯಲ್ಲಿ ನಿಂತು ಓದಿದೆ. ಎರಡು ಸಲ ಓದಿದೆ. ನಿನ್ನ ಮೇಲೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು.

ನಾನು ಮೊಂತರೆಲ್ಲೊಗೆ ಬರುವುದಿಲ್ಲ. ಲಾಂಡ್ರಿಯ ಗೆಳತಿಯೊಬ್ಬಳು ಕಡಲ ಕಡೆ ಅವಳ ಊರಿಗೆ ಕರೆಯುತ್ತಿದ್ದಾಳೆ, ಅವಳ ಜೊತೆ ಹೋಗುತ್ತೇನೆ. ಆ ಪರದೆಯನ್ನು ದಿನಾ ನೋಡಿಕೊಂಡು ಅಡುಗೆ ಮಾಡಲು ನನ್ನಿಂದಾಗದು. ಬೀಗದ ಕೈ ನಿನ್ನ ಹತ್ತಿರವೇ ಇರಲಿ.

ಈ ವರ್ಷದ ಆಟ ಚೆನ್ನಾಗಿ ನಡೆಯಲಿ.

ದೆಲ್ಫೀನಾ


ಮೊಂತರೆಲ್ಲೊ
18 ಏಪ್ರಿಲ್ 1983

ಅಕ್ಕಾ,

ಕಿಟಕಿ ತೆಗೆಸಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನೀನು ಪತ್ರ ಅರ್ಧಕ್ಕೆ ನಿಲ್ಲಿಸಿದರೂ ಇಷ್ಟು ತಿಳಿದಿರಲಿ. ನಿನ್ನದು ದೊಡ್ಡ ಕಿಟಕಿ, ಮೇಜಿನ ನೇರಕ್ಕೆ, ಎದೆಯೆತ್ತರದಲ್ಲಿ. ಇವತ್ತು ಗಾಜು ಕೂರಿಸಿದರು. ಹನ್ನೊಂದು ಗಂಟೆಗೆ ಬಿಸಿಲು ಒಲೆಯವರೆಗೆ ಬಂತು. ಇರ್ಮಾ ಒಲೆಯ ಮಸಿ ಕಂಡು ಗಾಬರಿಯಾಗಿ ಉಜ್ಜುತ್ತಾ ಕೂತಿದ್ದಾಳೆ.

ತಪಾಸಣೆಯವರು ಅವತ್ತು ಗೋಡೆಯ ಮೇಲೆ ಕೈಯಾಡಿಸಿ, ಇಂಥ ಗೋಡೆ ಸುತ್ತಮುತ್ತ ಇಲ್ಲ ಎಂದು ಹೊಗಳಿ ಸಹಿ ಹಾಕಿ ಹೋದರು. ನಿನ್ನೆ ಭಾನುವಾರ ಮೊದಲ ಪಂದ್ಯ ನಮ್ಮ ಚೌಕದಲ್ಲಿ ನಡೆಯಬೇಕಿತ್ತು, ಗ್ರಾನಸ್ಕೊದವರ ಮೇಲೆಯೇ. ನಿನ್ನ ಪತ್ರ ಬಂದ ಮೇಲೆ ಎರಡು ವಾರ ನಾನು ಆ ಗೋಡೆಯ ಮುಂದೆ ಓಡಾಡಿದೆ. ಬುಧವಾರ ಗೌದೆಂಜೊನ ಮನೆಗೆ ಹೋಗಿ ವಿಷಯ ಹೇಳಿದೆ. ಅವನು ಚಾಣ ಸುತ್ತಿಗೆ ಎತ್ತಿಕೊಳ್ಳುತ್ತಾ "ನಮ್ಮಪ್ಪ ಸಾಯೋವರ್ಗೂ ಕೇಳ್ತಿದ್ದ, ಆ ಹೆಂಗಸಿನ್ ಕೆಲಸ ಅರ್ಧಕ್ಕೇ ನಿಂತ್ಹೋಯ್ತಲ್ಲ ಅಂತ" ಅಂದ. ಮುಚ್ಚಿದವನು ನಾನೇ ಎಂದು ಅವನಿಗೆ ಮೊದಲೇ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಒಳಗಿನಿಂದ ಒಡೆಯಲು ಶುರುಮಾಡಿದೆವು. ಮೊದಲು ಹಳೆಯ ಬಾಯಿಯನ್ನು ಬಿಡಿಸಿಕೊಳ್ಳೋಣ, ಅದನ್ನೇ ದೊಡ್ಡದು ಮಾಡೋಣ ಎಂದು ಗೌದೆಂಜೊನ ಯೋಚನೆ. ಸದ್ದು ಕೇಳಿ ಹುಡುಗರೆಲ್ಲ ಓಡಿಬಂದರು. ಎವಾಸಿಯೊ ಬಾಗಿಲಲ್ಲಿ ನಿಂತ. "ಮಾವ, ಭಾನುವಾರ ಗ್ರಾನಸ್ಕೊದವ್ರು ಬರ್ತಿದಾರೆ. ಆಟ ಮುಗೀಲಿ, ನಾವೇ ಬಂದು ಒಡ್ಕೊಡ್ತೀವಿ" ಅಂದ. ನಾನು ಹಾರೆ ನಿಲ್ಲಿಸಲಿಲ್ಲ. ಮಚ್ಚೆಯ ಕಥೆಯನ್ನೂ ಅಲ್ಲೇ, ಎಲ್ಲರ ಮುಂದೆ ಹೇಳಿದೆ. ಎವಾಸಿಯೊ ತಮಟೆ ಎತ್ತಿಕೊಂಡು ಚೌಕಕ್ಕೆ ಇಳಿದು ಹೋದ.

ನಿನ್ನೆ ಪಂದ್ಯ ಗ್ರಾನಸ್ಕೊದಲ್ಲಿ ನಡೆಯಿತು. ಹನ್ನೊಂದು-ಹತ್ತೊಂಬತ್ತು, ಸೋತೆವು. ಸಂಘದ ಅಧ್ಯಕ್ಷಗಿರಿ ಬಿಟ್ಟಿದ್ದೇನೆ. ಕೆಫೆಗೆ ನಾನು ಹೋದರೆ ಇಸ್ಪೀಟು ಕೆಳಗಿಟ್ಟು ಎದ್ದುಹೋಗುತ್ತಾರೆ. ನಮ್ಮ ಮೇಯರ್ ಸಾಹೇಬರು ಮಾತ್ರ ಕನ್ನಡಕ ಒರೆಸುತ್ತಾ ಕೂತಿರುತ್ತಾರೆ. ಇದೆಲ್ಲ ಒಂದು ದಿನ ಸರಿಹೋಗಬಹುದು, ಹೋಗದೆಯೂ ಇರಬಹುದು. ನನಗೆ ಬೇಜಾರಿದೆ, ಪಶ್ಚಾತ್ತಾಪವಿಲ್ಲ.

ಆದರೆ ನಾನು ಬರೆಯಲು ಕೂತದ್ದು ಇದಕ್ಕಲ್ಲ. ಹಳೆಯ ಬಾಯಿ ಪೂರ್ತಿ ಬಿಚ್ಚಿಕೊಂಡಾಗ ಗೌದೆಂಜೊ ಕೆಲಸ ನಿಲ್ಲಿಸಿ ಕಲ್ಲಿನ ಅಂಚನ್ನು ಕೈಯಿಂದ ಸವರಿದ. ನಾನು ಹೊರಗಿನಿಂದ ಅವಸರದಲ್ಲಿ ಮುಚ್ಚಿದವನು, ಒಳಗಡೆ ಆಮೇಲೆ ಅಮ್ಮನೇ ಸುಣ್ಣ ಮೆತ್ತಿದ್ದಳು, ಒಳಗಿನಿಂದ ಅದನ್ನು ಯಾವತ್ತೂ ಸರಿಯಾಗಿ ನೋಡಿರಲಿಲ್ಲ. ಅದು ಒಂದೂವರೆ ಗೇಣು ಅಗಲವಿತ್ತು, ತೀರಾ ಕೆಳಗಿತ್ತು. ನಿಂತವರ ಸೊಂಟಕ್ಕೆ ಬರುತ್ತದೆ. ಎರಡು ಪಕ್ಕದ ಕಲ್ಲುಗಳನ್ನೂ ಓರೆಯಾಗಿ ಕಡಿದಿದ್ದರು, ಅದೂ ಬಿಸಿಲು ಬರುವ ಕಡೆಗಲ್ಲ, ತದ್ವಿರುದ್ಧ ದಿಕ್ಕಿಗೆ. ಅದರಿಂದ ಬಂದ ಬೆಳಕು ಮೇಜಿಗೂ ತಲುಪಲಿಲ್ಲ, ಒಲೆಗೂ ತಲುಪಲಿಲ್ಲ.

"ಇದು ಬೆಳಕಿಗೆ ತೆಗೆದಿದ್ದಲ್ಲ ರೆಮಿಜೊ. ನಮ್ಮಪ್ಪ ಅಷ್ಟು ದಡ್ಡ ಮೇಸ್ತ್ರಿ ಅಲ್ಲ. ಹೀಗೇ ಬೇಕು ಅಂತ ಯಾರೋ ಕೇಳಿ ಮಾಡಿಸ್ಕೊಂಡಿದಾರೆ" ಅಂದ.

ಅಪ್ಪನ ಮಂಚ ಇದ್ದ ಜಾಗದ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡು ಕೂತೆ. ಕಿಟಕಿ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬಂತು. ಅಲ್ಲಿಂದ ಚರ್ಚು ಕಾಣುವುದಿಲ್ಲ, ಗುಡ್ಡ ಕಾಣುವುದಿಲ್ಲ. ಚೌಕದ ಹಿಂತುದಿಯ ಒಂದು ಮೂಲೆ ಮಾತ್ರ ಕಾಣುತ್ತದೆ. ಎವಾಸಿಯೊ ಸಿಟ್ಟು ಮಾಡಿಕೊಂಡು ಅಲ್ಲಿ ಹೋಗಿ ನಿಂತಿದ್ದ. ಟೋಪಿಯಿಂದ ಬೂಟಿನವರೆಗೆ ಅವನೊಬ್ಬನೇ ಕಂಡ. ಹನ್ನೊಂದು ವರ್ಷ ನಾನು ನಿಂತು ಆಡಿದ ಜಾಗ ಅದು. ತಂಡಗಳು ಆಗಾಗ ಬದಿ ಬದಲಿಸುತ್ತವೆ, ಆದ್ದರಿಂದ ಅರ್ಧ ಪಂದ್ಯ ಮಾತ್ರ ಅಲ್ಲಿರುತ್ತಿದ್ದೆ. ಅಪ್ಪನನ್ನು ಬಿಟ್ಟು ಒಂದು ಪಂದ್ಯದಷ್ಟು ಹೊತ್ತು ಹೊರಗಿರಲಾಗದವಳು ಆ ಅರ್ಧವೇ ಸಾಕು ಅಂದುಕೊಂಡಿದ್ದಳು.

ಇಷ್ಟು ದಿನ ನಾವಿಬ್ಬರೂ ಬೆಳಕಿಗಾಗಿ ಜಗಳವಾಡಿದೆವು. ಅಮ್ಮ ಬೆಳಕು ಕೇಳಿಯೇ ಇರಲಿಲ್ಲ. ಮಗ ಆಡುವುದನ್ನು ನೋಡಬೇಕು ಎಂದು ಮಗನಿಗೇ ಹೇಳಲು ನಾಚಿಕೊಂಡು ಮೇಸ್ತ್ರಿಗೆ ಹೇಳಿದ್ದಳು. ಆ ಚಿಕ್ಕ ಕಿಟಕಿಯನ್ನು ಹಾಗೇ ಉಳಿಸಿ, ನಿನ್ನದನ್ನು ಪಕ್ಕದಲ್ಲಿ ಬೇರೆಯಾಗಿ ತೆಗೆಸಿದೆ. ನೀನು ಬಾ ಅಕ್ಕಾ, ಬಂದು ನನ್ನನ್ನು ಬೈಯಿ. ಊರಿಗೆ ಊರೇ ನನ್ನ ಆಟ ನೋಡಿತು. ಅವಳು ಒಂದು ಹೊಡೆತವನ್ನೂ ನೋಡಲಿಲ್ಲ.

ನಿನ್ನ ತಮ್ಮ
ರೆಮಿಜೊ